‘ಬರೇ ಆಡಸ್ತಾರ’ ಎಂಬ ದೂರು

“ಅಲ್ಲೇನೂ ಕಲಸೂದಿಲ್ರೀ ಸರ, ಬರೇ ಆಡಸ್ತಾರ.”

ಅಂಗನವಾಡಿಯ ಕುರಿತು ಪಾಲಕರು ಆಡುವ ಈ ಮಾತನ್ನು ಪ್ರಾಥಮಿಕ ಶಾಲೆಯ ನೌಕರಿಯಲ್ಲಿದ್ದ ಅಷ್ಟೂ ವರ್ಷ ಕೇಳಿದ್ದೇನೆ. ನಿವೃತ್ತನಾದ ಮೇಲೆ ಇನ್ನೂ ಹೆಚ್ಚಾಗಿ ಕೇಳುತ್ತಿದ್ದೇನೆ. ಹೇಳುವವರ ದನಿಯಲ್ಲಿ ಸಂತೆಯ ತೂಕದಲ್ಲಿ ಮೋಸಹೋದವರ ಅಸಮಾಧಾನವಿರುತ್ತದೆ. ಮರುವರ್ಷ ಅವರ ಮಗು ಹಳದಿ ವ್ಯಾನು ಹತ್ತಿ ಹನ್ನೆರಡು ಕಿಲೋಮೀಟರು ದೂರದ ಎಲ್‌ಕೆಜಿಗೆ ಹೊರಡುತ್ತದೆ. ಕೊರಳಲ್ಲಿ ಟೈ, ಬೆನ್ನಿಗೆ ಚೀಲ, ಚೀಲದಲ್ಲಿ ನಾಲ್ಕು ಗೆರೆಯ ವಹಿ. ಅಲ್ಲಿಗೆ ಕಲಿಕೆ ಆರಂಭವಾಯಿತೆಂದು ಮನೆಯವರಿಗೆಲ್ಲ ನೆಮ್ಮದಿ.

ಈ ದೂರಿನ ಎರಡನೆಯ ಅರ್ಧ ನಿಜವಾಗಿದ್ದಲ್ಲಿ ಮೊದಲನೆಯ ಅರ್ಧ ಸುಳ್ಳು. ಅಂದರೆ, ಒಂದು ಅಂಗನವಾಡಿಯಲ್ಲಿ ನಿಜಕ್ಕೂ ಮಕ್ಕಳನ್ನು ಆಡಿಸುತ್ತಿದ್ದರೆ, ಕಥೆ ಹೇಳುತ್ತಿದ್ದರೆ, ಕೈಗೆ ಮಣ್ಣು ಕೊಡುತ್ತಿದ್ದರೆ, ಆ ವಯಸ್ಸಿಗೆ ಕಲಿಸಬೇಕಾದುದನ್ನು ಅಲ್ಲಿ ಕಲಿಸುತ್ತಿದ್ದಾರೆ ಎಂದೇ ಅರ್ಥ. ನನ್ನ ಜಗಳವಿರುವುದು ಈ ದೂರಿನೊಡನೆ. ಅದಕ್ಕಿಂತ ಹೆಚ್ಚಾಗಿ, ಈ ದೂರಿಗೆ ಹೆದರಿ ಆಡಿಸುವುದನ್ನೇ ಕೈಬಿಡುತ್ತಿರುವವರೊಡನೆ.

ವಾದಕ್ಕೆ ಮುನ್ನ ಒಂದು ದಿನದ ವಿವರ ಕೊಡುತ್ತೇನೆ. ಕಂಡದ್ದನ್ನು ಬಿಟ್ಟು ಬರಿಯ ತತ್ತ್ವ ಹೇಳುವುದು ಮೇಷ್ಟ್ರ ಜಾತಿಗೆ ಅಂಟಿದ ರೋಗ. ಅದರಿಂದ ಆದಷ್ಟು ದೂರವಿರಲು ಯತ್ನಿಸುತ್ತೇನೆ.

ನಮ್ಮೂರು ಧಾರವಾಡ ಜಿಲ್ಲೆಯ ಎರೆ ಸೀಮೆಯದು. ಊರ ಅಂಗನವಾಡಿಗೆ ವಾರಕ್ಕೊಮ್ಮೆ ಕಥೆ ಹೇಳಲು ಹೋಗುವುದು ನಿವೃತ್ತಿಯ ನಂತರ ನಾನು ಹಚ್ಚಿಕೊಂಡ ಕೆಲಸ. ಒಂದೇ ಕೋಣೆ, ಇಪ್ಪತ್ತರ ಆಸುಪಾಸು ಮಕ್ಕಳು, ಒಬ್ಬ ಅಕ್ಕೋರು, ಒಬ್ಬ ಸಹಾಯಕಿ. ನಾನು ಹೇಳುತ್ತಿರುವ ದಿನ ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ. ಉತ್ತರ ಕರ್ನಾಟಕದವರಿಗೆ ವಿವರಿಸಬೇಕಾಗಿಲ್ಲ. ದಕ್ಷಿಣದ ಓದುಗರಿಗಾಗಿ ಹೇಳುವುದಾದರೆ, ಮುಂಗಾರು ಕಾಲಿಟ್ಟ ಹೊತ್ತಿಗೆ ಬರುವ ಜ್ಯೇಷ್ಠದ ಅಮಾವಾಸ್ಯೆಯಂದು ಮನೆಮನೆಯಲ್ಲೂ ಮಣ್ಣಿನ ಜೋಡೆತ್ತು ಮಾಡಿ ಪೂಜಿಸುವುದು ನಮ್ಮ ಕಡೆಯ ಪದ್ಧತಿ. ಈಚೆಗೆ ಎತ್ತುಗಳನ್ನು ಪೇಟೆಯಿಂದ ಕೊಂಡು ತರುತ್ತಾರೆ, ಅದು ಬೇರೆ ಮಾತು.

ಅಕ್ಕೋರು ಹಿಂದಿನ ಸಂಜೆಯೇ ಹೊಲದಿಂದ ಎರೆಮಣ್ಣು ತರಿಸಿ, ಕಲ್ಲು ಕಸ ಆರಿಸಿ, ನೆನೆಹಾಕಿ ಇಟ್ಟಿದ್ದರು. ಬೆಳಿಗ್ಗೆ ಒಂದೊಂದು ಮಗುವಿನ ಮುಂದೆ ಹಳೆಯ ಪತ್ರಿಕೆಯ ಹಾಳೆ, ಅದರ ಮೇಲೆ ಒಂದೊಂದು ಮುದ್ದೆ. “ಎತ್ತು ಮಾಡ್ರಿ” ಎಂದಷ್ಟೇ ಹೇಳಿದರು; ಹೇಗೆಂದು ತೋರಿಸಲಿಲ್ಲ. ಕೂಡಲೇ ಕೋಣೆಯಲ್ಲಿ ಮಾತು ನಿಂತಿತು. ನಲವತ್ತು ಮಿನಿಟು ಯಾರೂ ಯಾರನ್ನೂ ಗದರಿಸುವ ಪ್ರಸಂಗ ಬರಲಿಲ್ಲ. ಒಬ್ಬಳು ನೀರು ಹೆಚ್ಚು ಹಾಕಿಕೊಂಡಳು. ಎತ್ತು ಕುಸಿದು ಕುಳಿತಿತು. ಇನ್ನೊಬ್ಬ ನೀರನ್ನೇ ಮುಟ್ಟಿಸಲಿಲ್ಲ. ಕಾಲು ಬಿರುಕು ಬಿಟ್ಟು ಉದುರಿತು. ಮೂರನೆಯವನು ಎರಡನ್ನೂ ನೋಡಿ, ಬೆರಳ ತುದಿ ಅದ್ದಿ ಅದ್ದಿ ನಾದಿಕೊಂಡ. ಕನ್ನಡದಲ್ಲಿ ‘ಹದ’ ಎಂದೊಂದು ಪದವಿದೆ. ಬಿತ್ತುವ ನೆಲಕ್ಕೆ, ಹೋಳಿಗೆಯ ಕಣಕಕ್ಕೆ, ಬೆಲ್ಲದ ಪಾಕಕ್ಕೆ, ಮಾತಿಗೆ, ಎಲ್ಲಕ್ಕೂ ನಾವು ಅದನ್ನು ಬಳಸುತ್ತೇವೆ. ಆ ಪದದ ಅರ್ಥವನ್ನು ಯಾವ ಪುಸ್ತಕದಿಂದ ನಾಲ್ಕು ವರ್ಷದ ಮಗುವಿಗೆ ತಿಳಿಸಬಲ್ಲಿರಿ? ಅಂದು ಆ ಹುಡುಗನ ಬೆರಳಿಗೆ ಅದು ತಿಳಿಯಿತು. ಅಕ್ಕೋರು “ಈಗ ಹದ ಆತು ನೋಡು” ಎಂದಾಗ ಕಿವಿಗೂ ತಿಳಿಯಿತು.

ಒಬ್ಬ ಹುಡುಗನ ಎತ್ತಿಗೆ ಮೂರೇ ಕಾಲು. ನಾನು ಮೇಷ್ಟ್ರ ಚಾಳಿಯಂತೆ ಬೊಟ್ಟು ಮಾಡಿ, ನಾಲ್ಕನೆಯದೆಲ್ಲಿ ಎಂದು ಕೇಳಿದೆ. “ಅದು ರಾಡ್ಯಾಗ ಸಿಕ್ಕೈತ್ರೀ ಅಜ್ಜಾರ” ಎಂದ, ತಲೆ ಕೂಡ ಎತ್ತದೆ. ಎರೆ ಹೊಲದಲ್ಲಿ ಮಳೆಗಾಲದ ಎತ್ತಿನ ಪಾಡನ್ನು ಕಂಡ ಮಗುವಿನ ಮಾತದು.

ಕೈ ತೊಳೆದು ಕುಳಿತ ಮೇಲೆ ಕಥೆಯ ಸರದಿ. ಅಂದು ಹೇಳಿದ್ದು ಕಾಗಕ್ಕ ಗುಬ್ಬಕ್ಕನ ಕಥೆ. ಕಾಗೆಯದು ಸಗಣಿಯ ಮನೆ, ಗುಬ್ಬಿಯದು ಕಲ್ಲಿನ ಮನೆ. ದೊಡ್ಡ ಮಳೆಗೆ ಕಾಗೆಯ ಮನೆ ಕೊಚ್ಚಿಹೋಗಿ, ಅದು ಗುಬ್ಬಿಯ ಬಾಗಿಲು ತಟ್ಟುತ್ತದೆ. ಗುಬ್ಬಿ ಒಳಗಿನಿಂದ ಒಂದೊಂದೇ ನೆವ ಹೇಳುತ್ತ ಕಾಯಿಸುತ್ತದೆ. ಎಲ್ಲರಿಗೂ ಗೊತ್ತಿರುವ ಕಥೆ. ಮಕ್ಕಳು ಇದನ್ನು ಹತ್ತು ಸಲ ಕೇಳಿದ್ದಾರೆ; ಹನ್ನೊಂದನೆಯ ಸಲ ಮೊದಲಿಗಿಂತ ಗಟ್ಟಿಯಾಗಿ ನನ್ನೊಡನೆ ಬಾಗಿಲು ತಟ್ಟುತ್ತಾರೆ. ಕಾಗೆ ಮಳೆಯಲ್ಲಿ ನೆನೆಯುವ ಘಟ್ಟಕ್ಕೆ ಬಂದಾಗ, ಜೂನಿನಲ್ಲಿ ಸೇರಿದಂದಿನಿಂದ ಬಾಯಿ ಬಿಡದ ಹುಡುಗಿಯೊಬ್ಬಳು ಹಿಂದಿನ ಸಾಲಿನಿಂದ ಹೇಳಿದಳು: “ನಮ್ಮನಿ ಗ್ವಾಡಿನೂ ಮಳಿಗೆ ಬಿತ್ತು.” ಪಕ್ಕದ ಹುಡುಗ ಅವಳತ್ತ ತಿರುಗಿ, “ಮತ್ತ ಎಲ್ಲೆ ಮಕ್ಕೊಂಡ್ರಿ?” ಎಂದ. “ಸಾಲ್ಯಾಗ.” “ಬಾಗಲಾ ತಗದ್ರ?” “ತಗದ್ರು.”

ಅಷ್ಟೇ ಸಂಭಾಷಣೆ. ಮಣ್ಣಿನ ಗೋಡೆಗಳು ಪ್ರತಿ ಮಳೆಗಾಲ ಕುಸಿಯುವ ಸೀಮೆ ಇದು. 2019ರ ಆಗಸ್ಟಿನ ಪ್ರವಾಹದಲ್ಲಿ ಉತ್ತರ ಕರ್ನಾಟಕ ಕಳೆದುಕೊಂಡ ಮನೆಗಳನ್ನು ನೆನೆದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ. ಆ ಮಗುವಿಗೆ ತನ್ನ ಮನೆಯ ಗೋಡೆಯ ಸಂಗತಿಯನ್ನು ಹೇಳಲು ಒಂದು ಕಾಗೆ ಬೇಕಾಯಿತು. ಅಂದಿನಿಂದ ಅವಳು ಮಾತನಾಡುತ್ತಾಳೆ, ಅದೂ ಬೇಡವೆಂದರೂ ಬಿಡದಷ್ಟು. ಕೇಳುವವರ ಮುಂದೆ ನಡೆದುದನ್ನು ಸರಿಯಾದ ಕ್ರಮದಲ್ಲಿ ಹೇಳುವುದು, ಕೇಳಿದವರು ಅದಕ್ಕೆ ತಕ್ಕ ಪ್ರಶ್ನೆ ಹಾಕುವುದು: ಭಾಷಾ ಬೋಧನೆಯೆಂದರೆ ಇದಲ್ಲದೆ ಇನ್ನೇನು? ಏಳನೆಯ ಇಯತ್ತೆಯ ಮಕ್ಕಳಿಗೆ ಇದನ್ನು ಕಲಿಸಲು ನಾನು ವರ್ಷಗಟ್ಟಲೆ ಹೆಣಗಿದ್ದೇನೆ.

ಕಥೆಯಾದ ಮೇಲೆ ಅಂಗಳದಲ್ಲಿ ಕೆರೆ-ದಡದ ಆಟ. ಗೆರೆಯ ಈಚೆ ದಡ, ಆಚೆ ಕೆರೆ. ಅಕ್ಕೋರು ಹೇಳಿದತ್ತ ಜಿಗಿಯಬೇಕು, ‘ದಡ, ದಡ’ ಎಂದು ಎರಡು ಸಲ ಹೇಳಿ ದಾರಿ ತಪ್ಪಿಸಿದಾಗ ಜಿಗಿಯದೆ ನಿಲ್ಲಬೇಕು. ಜಿಗಿಯುವುದು ಮಕ್ಕಳಿಗೆ ಸುಲಭ, ನಿಲ್ಲುವುದು ಕಷ್ಟ. ದೇಹ ಮುನ್ನುಗ್ಗುವಾಗ ಬುದ್ಧಿ ಅದನ್ನು ಹಿಡಿದು ನಿಲ್ಲಿಸುವ ಅಭ್ಯಾಸ ಆ ಗೆರೆಯ ಮೇಲೆ ಆಗುತ್ತದೆ. ಮೂಲೆಯಲ್ಲಿ ನಾಲ್ವರು ಹುಣಸೆಬೀಜಗಳನ್ನಿಟ್ಟುಕೊಂಡು ಅಂಗಡಿ ತೆರೆದಿದ್ದರು. ಐದು ಬೀಜಕ್ಕೆ ಒಂದು ಎಲೆ. ಗಿರಾಕಿ ನಾಲ್ಕೇ ಕೊಟ್ಟರೆ ಅಂಗಡಿಯವಳು ಬಿಡುತ್ತಿರಲಿಲ್ಲ. ಆಮೇಲೆ ಊಟ, ಊಟದ ನಂತರ ನಿದ್ದೆ.

ಇದು ಆ ಕೋಣೆಯ ಒಂದು ದಿನ. ಆ ದಿನ ಯಾರೂ ‘ಎ’ ಬರೆಯಲಿಲ್ಲ, ‘ಅ’ ಕೂಡ ಬರೆಯಲಿಲ್ಲ. ಸಂಜೆ ಮಗುವನ್ನು ಕರೆದೊಯ್ಯಲು ಬಂದ ತಾಯಿ ಕೇಳಿದ ಪ್ರಶ್ನೆ ಒಂದೇ: “ಇವತ್ತ ಏನ್ ಬರಸಿದ್ರಿ?”

ಬರೆಸುವುದು! ನಮ್ಮ ಜನರ ಮನಸ್ಸಿನಲ್ಲಿ ಓದು ಎಂದರೆ ಬರಹ, ಬರಹ ಎಂದರೆ ಸಾಕ್ಷಿ. ತುಂಬಿದ ಪುಟವನ್ನು ಕಣ್ಣಿಂದ ನೋಡಬಹುದು. ಹದ ತಿಳಿದ ಬೆರಳನ್ನು ನೋಡಲಾಗದು. ಈ ದೌರ್ಬಲ್ಯವನ್ನು ಖಾಸಗಿ ಶಾಲೆಗಳು ಚೆನ್ನಾಗಿ ಬಲ್ಲವು. ನನ್ನ ಮಗಳ ಮಗ ಮೂರೂವರೆ ವರ್ಷದವನಿದ್ದಾಗ ಅವನನ್ನು ಸೇರಿಸಿದ್ದ ಒಂದು ಶಾಲೆ, ದಿನವೂ ಎರಡು ಪುಟ ಇಂಗ್ಲಿಷ್ ಅಕ್ಷರ ತುಂಬಿಕೊಂಡು ಬರಲು ಹೇಳುತ್ತಿತ್ತು. ರಾತ್ರಿ ಎಂಟಕ್ಕೆ ಹುಡುಗ ಪೆನ್ಸಿಲು ಹಿಡಿದಂತೆಯೇ ತೂಕಡಿಸುತ್ತಿದ್ದ. ಉಳಿದ ಒಂದೂವರೆ ಪುಟವನ್ನು ನನ್ನ ಮಗಳು ಎಡಗೈಯಿಂದ ಬರೆಯುತ್ತಿದ್ದಳು, ಬಲಗೈಯಿಂದ ಬರೆದರೆ ಅಕ್ಷರ ದುಂಡಗಾಗಿ ಸಿಕ್ಕಿಬೀಳುತ್ತೇವೆಂದು. ಮರುದಿನ ಅದಕ್ಕೆ ಎರಡು ನಕ್ಷತ್ರ ಬರುತ್ತಿದ್ದವು. ಎಂ.ಎ. ಪದವೀಧರೆ ಎಲ್‌ಕೆಜಿಯಲ್ಲಿ ನಕ್ಷತ್ರ ಗಳಿಸಿದ್ದು ನಮ್ಮ ಮನೆತನದಲ್ಲಿ ಅದೇ ಮೊದಲು.

ಮೂರು ವರ್ಷದ ಕೈ ಎಂಥದೆಂದು ಇವರಲ್ಲಿ ಯಾರಾದರೂ ಯೋಚಿಸಿದ್ದಾರೆಯೆ? ದೊಡ್ಡವರ ಮಣಿಕಟ್ಟಿನಲ್ಲಿ 8 ಚಿಕ್ಕ ಎಲುಬುಗಳಿವೆ. ಹುಟ್ಟಿದ ಮಗುವಿನಲ್ಲಿ ಆ ಜಾಗವೆಲ್ಲ ಇನ್ನೂ ಮೃದ್ವಸ್ಥಿ. ಎಲುಬುಗಳು ಒಂದೊಂದಾಗಿ, ವರ್ಷಗಳ ಅಂತರದಲ್ಲಿ ಗಟ್ಟಿಗೊಳ್ಳುತ್ತವೆ. ಮೂರು ವರ್ಷದ ಕೂಸಿನ ಕೈಯ ಕ್ಷ-ಕಿರಣ ಚಿತ್ರದಲ್ಲಿ ಸಾಮಾನ್ಯವಾಗಿ ಮೂರೋ ನಾಲ್ಕೋ ಕಾಣಿಸುತ್ತವೆ. ಕೊನೆಯದು ಕಾಣಿಸಿಕೊಳ್ಳುವ ಹೊತ್ತಿಗೆ ಮಗು ಎಂಟು ದಾಟಿರುತ್ತದೆ. ವೈದ್ಯರು ಮಣಿಕಟ್ಟಿನ ಚಿತ್ರ ನೋಡಿ ಮಗುವಿನ ವಯಸ್ಸನ್ನು ಅಂದಾಜು ಮಾಡುವುದು ಇದೇ ಕಾರಣದಿಂದ. ಪೆನ್ಸಿಲನ್ನು ಮೂರು ಬೆರಳ ನಡುವೆ ಹಿಡಿದು, ಗೆರೆಯ ಒಳಗೇ ತಿರುಗಿಸಲು ಬೇಕಾದ ಸಣ್ಣ ಸ್ನಾಯುಗಳ ಹತೋಟಿಯೂ ಹೀಗೆಯೇ ನಿಧಾನವಾಗಿ ಬರತಕ್ಕದ್ದು. ಅದು ಬರುವುದು ನಾದುವುದರಿಂದ, ಹಿಂಡುವುದರಿಂದ, ಹರಿಯುವುದರಿಂದ, ಪೋಣಿಸುವುದರಿಂದ. ಎರೆಮಣ್ಣಿನ ಎತ್ತಿಗೆ ಕೊಂಬು ತೀಡುವ ಹೆಬ್ಬೆರಳೇ ಎರಡು ವರ್ಷದ ನಂತರ ‘ಖ’ದ ಸುಳಿ ತಿರುಗಿಸುವ ಹೆಬ್ಬೆರಳು. ಅಡಿಪಾಯ ತೋಡುವವನನ್ನು ನೋಡಿ ‘ಮನೆ ಕಟ್ಟುತ್ತಿಲ್ಲ, ಬರೇ ಅಗಿಯುತ್ತಾನೆ’ ಎಂದು ಯಾರಾದರೂ ದೂರುವುದುಂಟೆ?

ಇಲ್ಲಿ ಸಂಪ್ರದಾಯಸ್ಥ ಮಿತ್ರರು ಅಡ್ಡ ಬರುತ್ತಾರೆ: ನಮ್ಮಲ್ಲಿ ಚಿಕ್ಕಂದಿನಲ್ಲೇ ಅಕ್ಷರಾಭ್ಯಾಸ ಮಾಡಿಸುತ್ತಿರಲಿಲ್ಲವೆ? ಮಾಡಿಸುತ್ತಿದ್ದರು, ನಿಜ. ಹರಿವಾಣದಲ್ಲಿ ಅಕ್ಕಿ ಹರವಿ, ತಂದೆ ಮಗುವಿನ ಬೆರಳು ಹಿಡಿದು ಒಂದು ಓಂಕಾರ ತಿದ್ದಿಸಿ, ಬಾಯಿಗೆ ಬೆಲ್ಲ ಹಾಕಿ ಕಳಿಸುತ್ತಿದ್ದರು. ಕಳಿಸುತ್ತಿದ್ದುದು ಎಲ್ಲಿಗೆ? ಬೀದಿಗೆ, ಆಡಲಿಕ್ಕೆ. ಆ ಅಕ್ಕಿಯ ಮೇಲೆ ಬರೆದದ್ದಕ್ಕೆ ಯಾರೂ ಅಂಕ ಕೊಡುತ್ತಿರಲಿಲ್ಲ. ಅಜ್ಜಿ ಮರುದಿನ ಅದನ್ನೇ ಅನ್ನ ಮಾಡುತ್ತಿದ್ದಳು.

ಇನ್ನೊಂದು ಕಡೆಯಿಂದ ಆಧುನಿಕರು ಬರುತ್ತಾರೆ: ಮಾಂಟೆಸ್ಸರಿಯವರ ಮಕ್ಕಳು ನಾಲ್ಕು ವರ್ಷಕ್ಕೇ ಬರೆದರಲ್ಲ? ಇದಕ್ಕೆ ಸ್ವಲ್ಪ ವಿವರವಾಗಿ ಉತ್ತರಿಸಬೇಕು, ಏಕೆಂದರೆ ಆ ಹೆಸರನ್ನು ಇಂದು ಫಲಕದ ಮೇಲೆ ಬರೆಸಿಕೊಂಡವರಲ್ಲಿ ಬಹಳ ಮಂದಿಗೆ ಅದರ ಕಥೆ ಗೊತ್ತಿಲ್ಲ. ವೈದ್ಯೆಯಾಗಿದ್ದ ಮಾರಿಯಾ ಮಾಂಟೆಸ್ಸರಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದದ್ದು 1907ರ ಜನವರಿ 6ರಂದು, ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ. ತಂದೆತಾಯಿ ದುಡಿಯಲು ಹೋದಾಗ ಬಿಡಾಡಿಯಾಗಿ ಅಲೆಯುತ್ತಿದ್ದ ಮಕ್ಕಳಿಗಾಗಿ. ಅಲ್ಲಿ ಕೆಲವು ಮಕ್ಕಳು ನಾಲ್ಕೈದು ವರ್ಷಕ್ಕೆ ಬರೆದದ್ದು ದಿಟ. ಆದರೆ ಅದಕ್ಕೆ ಮೊದಲು ಅವರ ಕೈಗಳು ಗುಂಡಿ ಹಾಕಿದ್ದವು, ನೀರು ಸುರಿದಿದ್ದವು, ಮರದ ಆಕೃತಿಗಳನ್ನು ಅವುಗಳ ಜಾಗಕ್ಕೆ ಕೂರಿಸಿದ್ದವು, ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಬೆರಳಾಡಿಸಿದ್ದವು. ಸಿದ್ಧವಾದ ಕೈ ತಾನಾಗಿ ಬರೆಯಿತು. ಎರಡು ಪುಟ ತುಂಬಿಕೊಂಡು ಬಾ ಎಂದು ಆಕೆ ಯಾರಿಗೂ ಹೇಳಲಿಲ್ಲ. ಆಕೆ 1939ರಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಆಹ್ವಾನದ ಮೇಲೆ ಮದರಾಸಿನ ಅಡಯಾರಿಗೆ ಬಂದು, ಮಹಾಯುದ್ಧದ ಕಾರಣ 1946ರವರೆಗೆ ನಮ್ಮ ದೇಶದಲ್ಲೇ ಉಳಿದು, ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟರು. ಬಡವರ ಕೇರಿಯಲ್ಲಿ ಹುಟ್ಟಿದ ಹೆಸರು ಇಂದು ಶುಲ್ಕದ ಮೊತ್ತವನ್ನು ಸಮರ್ಥಿಸಲು ಬಳಕೆಯಾಗುತ್ತಿರುವುದನ್ನು ಆಕೆ ಕಾಣಲಿಲ್ಲ, ಪುಣ್ಯ.

ಅಷ್ಟು ದೂರ ಹೋಗುವುದೇಕೆ? ನಮ್ಮ ಪಕ್ಕದಲ್ಲೇ, ಗುಜರಾತಿನ ಭಾವನಗರದಲ್ಲಿ, ವಕೀಲಿ ಬಿಟ್ಟು ಬಂದ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ತೆರೆದರು. ಜನ ಅವರನ್ನು ಮೀಸೆಯ ತಾಯಿ ಎಂದು ಕರೆದರು. ಅವರ ‘ದಿವಾಸ್ವಪ್ನ’ದ ಮೇಷ್ಟ್ರು ಗದ್ದಲದ ಪ್ರಾಥಮಿಕ ತರಗತಿಯೊಂದನ್ನು ಹತೋಟಿಗೆ ತಂದದ್ದು ಬೆತ್ತದಿಂದಲ್ಲ, ಕಥೆಯಿಂದ, ಅಲ್ಲಿಯೂ ಹಿರಿಯರ ದೂರು ಇದೇ: ಕಥೆ ಹೇಳುತ್ತಾನೆ, ಪಾಠ ಮಾಡುವುದಿಲ್ಲ. ಗಿಜುಭಾಯಿಯವರ ಜೊತೆ ದುಡಿದ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಮುಂಬಯಿಯ ಉತ್ತರಕ್ಕಿರುವ ಬೋರ್ಡಿ ಎಂಬ ಹಳ್ಳಿಗೆ ಹೋಗಿ, ಅನುತಾಯಿ ವಾಘ್ ಅವರೊಡನೆ ಬಾಲವಾಡಿ ನಡೆಸಿದರು. ಬಡವರ, ಆದಿವಾಸಿಗಳ ಮಕ್ಕಳು ಬಾಲವಾಡಿಗೆ ಬರದಿದ್ದಾಗ ಇವರೇ ಆ ಕೇರಿಗಳ ಅಂಗಳಕ್ಕೆ ಹೋಗಿ ಕುಳಿತರು. ಕೈಗೆ ಸಿಕ್ಕ ಎಲೆ, ಬೀಜ, ಕಲ್ಲು, ಮಣ್ಣೇ ಉಪಕರಣ. ಅಂಗಳದಲ್ಲಿ ನಡೆದದ್ದರಿಂದ ಅದು ಅಂಗನವಾಡಿ. ನಾವು ಇಂದು ದಾಲಿಯಾ, ಮೊಟ್ಟೆ, ಚುಚ್ಚುಮದ್ದು ಎಂದಷ್ಟೇ ತಿಳಿದಿರುವ ಸಂಸ್ಥೆಯ ಹೆಸರಿನೊಳಗೇ ಆಟದ ಅಂಗಳವಿದೆ.

ಆ ಹೆಸರನ್ನು ಸರ್ಕಾರ ಎತ್ತಿಕೊಂಡದ್ದು 1975ರ ಅಕ್ಟೋಬರ್ 2ರಂದು, ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಆರಂಭಿಸಿದಾಗ. ನಮ್ಮ ರಾಜ್ಯದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ ಮೊದಲಾದ ಆರು ಸೇವೆಗಳ ಪಟ್ಟಿಯಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು. ಉಳಿದವು ಬೇಡವೆಂದು ಹೇಳುವ ಮೂರ್ಖತನ ನನಗಿಲ್ಲ. ಹಸಿದ ಮಗು ಕಥೆ ಕೇಳುವುದಿಲ್ಲ. ಆದರೆ ಒಬ್ಬ ಹೆಣ್ಣುಮಗಳ ಹೆಗಲಿಗೆ ಎಷ್ಟನ್ನು ಹೇರುವುದು? ಬೆಳಿಗ್ಗೆ ಆಹಾರದ ಲೆಕ್ಕ, ಗರ್ಭಿಣಿಯರ ಲೆಕ್ಕ, ತೂಕದ ಲೆಕ್ಕ. ಎಲ್ಲವನ್ನೂ ಪುಸ್ತಕದಲ್ಲಿ ಬರೆದು, ಮತ್ತೆ ಮೊಬೈಲಿನ ಪೋಷಣ್ ಟ್ರ್ಯಾಕರಿಗೆ ಏರಿಸಬೇಕು. ಜಾಲ ಸಿಗದಿದ್ದರೆ ಅಟ್ಟ ಹತ್ತಬೇಕು. ಮತದಾರರ ಪಟ್ಟಿಗೂ ಆಕೆಯೇ, ಸಮೀಕ್ಷೆಗೂ ಆಕೆಯೇ. ಇಷ್ಟಾಗಿಯೂ ಆಕೆಗೆ ಸಿಗುವುದು ಸಂಬಳವಲ್ಲ, ‘ಗೌರವಧನ’. ಗ್ರಾಚ್ಯುಟಿಗೆ ಇವರೂ ಅರ್ಹರೆಂದು ಹೇಳಲು 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು. ನಮ್ಮೂರ ಅಕ್ಕೋರು ನನಗೊಮ್ಮೆ ಹೇಳಿದರು: “ಸರ, ಕಥಿ ಹೇಳಾಕ ನನಗೂ ಬರತೈತ್ರಿ. ಕುಂದರಾಕ ಬಿಟ್ರ.”

ಇದು ಪಾಲಕರ ದೂರಿನ ಎದುರು ನಾನಿಡುವ ಪ್ರತಿದೂರು. ಎಷ್ಟೋ ಅಂಗನವಾಡಿಗಳಲ್ಲಿ ‘ಬರೇ ಆಡಸ್ತಾರ’ ಎನ್ನುವುದೂ ಇಂದು ನಿಜವಲ್ಲ. ಆಡಿಸಲು ಪುರಸೊತ್ತಿಲ್ಲ. ಮಕ್ಕಳು ಸಾಲಾಗಿ ಕುಳಿತು ಊಟಕ್ಕೆ ಕಾಯುತ್ತಾರೆ. ಗೋಡೆಯ ಮೇಲಿನ ಅಆಇಈಯನ್ನು ಒಬ್ಬ ಹುಡುಗ ಕೋಲು ಹಿಡಿದು ಹೇಳುತ್ತಾನೆ, ಉಳಿದವರು ರಾಗವಾಗಿ ಒದರುತ್ತಾರೆ. ಪಾಲಕರು ಅದನ್ನು ನೋಡಿ ಬೇಸತ್ತು ಖಾಸಗಿಯತ್ತ ಹೋದರೆ ಅವರನ್ನು ಪೂರ್ತಿ ದೂಷಿಸಲಾರೆ. ಎಂಬತ್ತು ರೂಪಾಯಿ ಮಿಕ್ಕಿದರೆ ಅದನ್ನೂ ಮಗುವಿನ ವ್ಯಾನಿಗೆ ಕಟ್ಟುವ ಕೂಲಿಕಾರ ತಾಯಿಗೆ ಇಂಗ್ಲಿಷ್ ಅಕ್ಷರದ ಮೇಲಿರುವುದು ವ್ಯಾಮೋಹವಲ್ಲ, ಭಯ. ತನ್ನ ಮಗು ಇನ್ನೊಬ್ಬರ ಹೊಲದಲ್ಲಿ ಕಳೆ ಕೀಳಬಾರದೆಂಬ ಭಯ. ಅದು ಗೌರವಕ್ಕೆ ಅರ್ಹವಾದುದು. ಆ ಭಯವನ್ನು ವ್ಯಾಪಾರದ ಬಂಡವಾಳ ಮಾಡಿಕೊಂಡವರಿಗೆ ಮಾತ್ರ ನನ್ನಲ್ಲಿ ಯಾವ ಗೌರವವೂ ಇಲ್ಲ. ಮನೆಯಲ್ಲಿ ಪುಸ್ತಕವಿಲ್ಲದ, ಓದಿ ಹೇಳುವವರಿಲ್ಲದ ಮಗುವಿಗೇ ಕಥೆಯ ತರಗತಿ ಎಲ್ಲರಿಗಿಂತ ಹೆಚ್ಚು ಅಗತ್ಯ. ಅವರಿಂದಲೇ ಅದನ್ನು ಕಸಿದು, ಅರ್ಥ ತಿಳಿಯದ ಇಂಗ್ಲಿಷ್ ಪದ್ಯವೊಂದನ್ನು ಬಾಯಿಗೆ ತುರುಕುತ್ತಾರೆ. ಅದರಲ್ಲೂ ಮಳೆಯನ್ನು ಹೊರಟುಹೋಗೆಂದು ಗದರಿಸುವ ಪದ್ಯ! ಮಳೆ ಬಾರದಿದ್ದರೆ ಗುರ್ಜಿಯನ್ನು ತಲೆಯ ಮೇಲೆ ಹೊತ್ತು, ನೀರು ಹೊಯ್ಯಿಸಿಕೊಳ್ಳುತ್ತ ಮನೆಮನೆ ತಿರುಗಿ ಮಳೆ ಬೇಡುವ ಸೀಮೆಯ ಮಕ್ಕಳ ಬಾಯಲ್ಲಿ ಅದನ್ನು ಕೇಳುವಾಗ ನನಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

‘ಚಟುವಟಿಕೆ’ ಎಂಬ ಹೆಸರಿನಲ್ಲಿ ನಡೆಯುವುದೆಲ್ಲ ಒಳ್ಳೆಯದೆಂದೂ ನಾನು ಹೇಳಲಾರೆ. ಪೇಟೆಯ ಶಾಲೆಗಳಲ್ಲಿ ಹಳದಿ ಬಣ್ಣದ ದಿನ, ಹಣ್ಣಿನ ದಿನ, ಇನ್ನೊಂದರ ದಿನ ಎಂದು ನಡೆಸುತ್ತಾರೆ. ಅಂಗಡಿಯಿಂದ ತಂದ ಹೊಳೆಯುವ ಕಾಗದ, ಟೀಚರು ಮೊದಲೇ ಕತ್ತರಿಸಿಟ್ಟ ಮಾವಿನಹಣ್ಣು. ಮಗುವಿನ ಪಾಲಿಗೆ ಅಂಟು ಹಚ್ಚಿ ಒತ್ತುವ ಕೆಲಸವಷ್ಟೇ. ಮೂವತ್ತು ಮಕ್ಕಳ ಮಾವಿನಹಣ್ಣುಗಳು ಅವಳಿ ಜವಳಿಗಳಂತಿರುತ್ತವೆ. ಸಂಜೆ ವಾಟ್ಸಾಪಿನಲ್ಲಿ ಪಾಲಕರಿಗೆ ಚಿತ್ರ ಹೋಗುತ್ತದೆ. ಅದು ಪಾಲಕರಿಗಾಗಿ ಮಾಡಿದ ಕರಕುಶಲ, ಮಗುವಿನದಲ್ಲ. ಮೂರು ಕಾಲಿನ ಎತ್ತು ಆ ಸಾಲಿನಲ್ಲಿದ್ದಿದ್ದರೆ ಚಿತ್ರ ತೆಗೆಯುವ ಮುನ್ನ ಯಾರಾದರೂ ನಾಲ್ಕನೆಯ ಕಾಲನ್ನು ಅಂಟಿಸಿಬಿಡುತ್ತಿದ್ದರು.

ಇಷ್ಟಕ್ಕೂ ನಾನು ಹೊಸದೇನನ್ನೂ ಹೇಳುತ್ತಿಲ್ಲ. ದೇಶವೇ ಒಪ್ಪಿ ಕಪಾಟಿನಲ್ಲಿಟ್ಟ ಮಾತುಗಳಿವು. ಮೈಸೂರಿನವರೇ ಆದ ಆರ್.ಕೆ. ನಾರಾಯಣ್ ಅವರು ರಾಜ್ಯಸಭೆಯಲ್ಲಿ ತಮ್ಮ ಮೊದಲ ಭಾಷಣವನ್ನು ಮೀಸಲಿಟ್ಟದ್ದು ಮಕ್ಕಳ ಬೆನ್ನಿನ ಪುಸ್ತಕದ ಹೊರೆಗೆ. ತರುವಾಯ ಪ್ರೊಫೆಸರ್ ಯಶಪಾಲ್ ಅವರ ಸಮಿತಿ ರಚನೆಯಾಗಿ 1993ರಲ್ಲಿ ವರದಿ ಕೊಟ್ಟಿತು. ಶಾಲಾಪೂರ್ವ ಸಂಸ್ಥೆಗಳು ಎಳೆಯ ಮಕ್ಕಳಿಗೆ ಓದು, ಬರಹ, ಲೆಕ್ಕಗಳನ್ನು ಔಪಚಾರಿಕವಾಗಿ ಹೇರುವುದನ್ನು ಆ ವರದಿ ಹಿಂಸೆಯೆಂದೇ ಕರೆದು, ಕಾನೂನಿನ ಮೂಲಕ ಅದನ್ನು ನಿಯಂತ್ರಿಸಬೇಕೆಂದೂ ನರ್ಸರಿ ಪ್ರವೇಶಕ್ಕೆ ಪರೀಕ್ಷೆ, ಸಂದರ್ಶನಗಳು ಕೂಡದೆಂದೂ ಹೇಳಿತು. ಮೂರು ದಶಕ ಕಳೆಯಿತು. 2002ರ ಸಂವಿಧಾನ ತಿದ್ದುಪಡಿ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿದ್ದು 6ರಿಂದ 14 ವರ್ಷದವರಿಗೆ. ಆರರೊಳಗಿನವರ ವಿಷಯದಲ್ಲಿ ರಾಜ್ಯವು ‘ಪ್ರಯತ್ನಿಸತಕ್ಕದ್ದು’ ಎಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಇವರಿಗೆ ಸರ್ಕಾರ ವ್ಯವಸ್ಥೆ ‘ಮಾಡಬಹುದು’ ಎಂದಿತು. ಪ್ರಯತ್ನಿಸತಕ್ಕದ್ದು, ಮಾಡಬಹುದು: ಈ ಎರಡು ಕ್ರಿಯಾಪದಗಳ ನಡುವಿನ ಬಿರುಕಿನಲ್ಲಿ ವ್ಯಾಪಾರ ಬೆಳೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದನ್ನು ಅನುಸರಿಸಿ 2022ರಲ್ಲಿ ಬಂದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟೂ ಆಟವೇ ಈ ವಯಸ್ಸಿನ ಕಲಿಕೆಯ ದಾರಿಯೆಂದು ಒಪ್ಪಿವೆ. ಮೂರರಿಂದ ಆರರವರೆಗಿನ ಮಕ್ಕಳಿಗೆ ಪಠ್ಯಪುಸ್ತಕ ಬೇಡವೆಂದು ಆ ಚೌಕಟ್ಟು ಹೇಳಿದೆ. ಆ ನೀತಿಯ ಇತರ ಭಾಗಗಳ ಬಗ್ಗೆ ನನಗೆ ತಕರಾರುಗಳಿವೆ, ಅವು ಇನ್ನೊಂದು ದಿನಕ್ಕಿರಲಿ.

ಒಪ್ಪಿಗೆಯ ಪರಿಣಾಮವೇನು? ಒಂದನೆಯ ತರಗತಿಗೆ ಸೇರಲು 6 ವರ್ಷ ತುಂಬಿರಬೇಕೆಂದು 2022ರಲ್ಲಿ ನಮ್ಮ ರಾಜ್ಯ ಆದೇಶಿಸಿ, 2025–26ರಿಂದ ಜಾರಿಗೆ ಬರುವುದೆಂದಿತು. ಅಷ್ಟರಲ್ಲಿ ಎರಡೂವರೆ ವರ್ಷಕ್ಕೇ ಶಾಲೆಯ ಗೇಟು ದಾಟಿಸಿದ್ದ ಪಾಲಕರು, ನಮ್ಮ ಮಕ್ಕಳು ಯುಕೆಜಿ ‘ಮುಗಿಸಿದ್ದಾರೆ’, ಒಂದು ವರ್ಷ ವ್ಯರ್ಥವಾಗುತ್ತದೆ ಎಂದು ಗೋಗರೆದರು. ಸರ್ಕಾರ ಆ ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಇಳಿಯಿತು. ಐದು ವರ್ಷದ ಮಗು ಆಡಿಕೊಂಡು ಕಳೆಯುವ ವರ್ಷ ವ್ಯರ್ಥ! ಅರವತ್ತು ವರ್ಷ ದುಡಿಯಬೇಕಾದ ಜೀವ ಅದು. ಯಾವ ರೈಲು ತಪ್ಪಿಹೋಗುತ್ತಿತ್ತು?

2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ತೆರೆಯುವ ಮಾತು ಬಂದಾಗ, ತಮ್ಮಲ್ಲಿರುವ ಮಕ್ಕಳೂ ಹೋಗುತ್ತಾರೆಂದು ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಧರಣಿ ಕುಳಿತರು. ಬಳಿಕ ರಾಜಧಾನಿಯ ಕೆಲವು ಅಂಗನವಾಡಿಗಳಿಗೆ ‘ಸರ್ಕಾರಿ ಮಾಂಟೆಸ್ಸರಿ’ ಎಂಬ ಫಲಕ ಬಂದಿತು. ಹೆಸರು ಬದಲಾಗಲಿ, ನನ್ನ ಆಕ್ಷೇಪವಿಲ್ಲ. ತಾರಾಬಾಯಿಯವರ ಹೆಸರು ಹೊತ್ತ ಅಂಗಳಕ್ಕೆ ರೋಮಿನ ಹೆಸರೇ ಬೇಕಾಯಿತೇ ಎಂದು ಮನಸ್ಸು ಮುಳ್ಳಾಡಿದರೂ ಸುಮ್ಮನಿರುತ್ತೇನೆ. ಆದರೆ ಫಲಕದ ಕೆಳಗೆ ಸಮವಸ್ತ್ರ, ಚೀಲ, ನಾಲ್ಕು ಗೆರೆಯ ವಹಿ ಬಂದರೆ, ಸರ್ಕಾರ ತನ್ನದೇ ಖರ್ಚಿನಲ್ಲಿ ಖಾಸಗಿಯವರ ತಪ್ಪನ್ನು ನಕಲು ಮಾಡಿದಂತಾಗುತ್ತದೆ. ಬೇಕಾಗಿರುವುದು ಬಹಳ ಸರಳ. ಪ್ರತಿ ಕೇಂದ್ರದಲ್ಲಿ ಮಕ್ಕಳೊಂದಿಗಷ್ಟೇ ಇರುವ ಒಬ್ಬರು. ಬೇರೆ ಲೆಕ್ಕಪತ್ರಗಳಿಗೆ ಇನ್ನೊಬ್ಬರು. ಅದಾಗುವವರೆಗೆ, ಕನಿಷ್ಠ ಎರಡು ಗಂಟೆ ಅಕ್ಕೋರನ್ನು ಮಕ್ಕಳ ನಡುವಿನಿಂದ ಯಾರೂ ಎಬ್ಬಿಸಬಾರದು.

ಈ ಕೊನೆಯ ಮಾತನ್ನು ನಮ್ಮೂರ ಅಂಗನವಾಡಿಯ ಬಾಲವಿಕಾಸ ಸಮಿತಿಯ ಸಭೆಯಲ್ಲಿ ಇಟ್ಟೆವು. ಹತ್ತರಿಂದ ಹನ್ನೆರಡರವರೆಗೆ ಸಭೆ ಕರೆಯುವುದು, ಮಾಹಿತಿ ಕೇಳುವುದು, ಫೋನು ಮಾಡುವುದು ಯಾವುದೂ ಬೇಡ. ಆ ಹೊತ್ತು ಮಣ್ಣು, ಕಥೆ, ಆಟಕ್ಕೆ. ಚರ್ಚೆ ಬಿಸಿಯಾಗಿಯೇ ನಡೆಯಿತು. ಒಬ್ಬ ತಂದೆ, ಹಾಗಾದರೆ ಬರೆಸುವುದು ಯಾವಾಗ ಎಂದು ಪಟ್ಟು ಹಿಡಿದರು. ಒಂದನೆಯ ಇಯತ್ತೆಯಲ್ಲಿ ನಾನೇ ಬಂದು ಬರೆಸುತ್ತೇನೆ, ಬರದಿದ್ದರೆ ಬಂದು ಜಗಳವಾಡಿ ಎಂದೆ. ಅವರು ಪೂರ್ತಿ ಒಪ್ಪಲಿಲ್ಲ; ಆದರೂ ಸಹಿ ಹಾಕಿದರು. ಠರಾವು ಏಳು ಸಹಿ ಹೊತ್ತು ಇಲಾಖೆಗೆ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ.